ತಾಂಬೂಲ, ಮಜ್ಜಿಗೆ ಮತ್ತು ಬಾಯಿಯ ಆರೋಗ್ಯ: ವಿಜಯನಗರ ಪರಿಸರದ ಒಂದು ಚಾರಿತ್ರಿಕ ವಿವೇಚನೆ

ಹಂಪಿಯ ಪಾರ್ಶ್ವನಾಥ ಬಸದಿಯು ಅಡಕೆ-ವೀಳ್ಯದೆಲೆಗಳ ಅಂಗಡಿಬೀದಿಯಲ್ಲಿ ನಿರ್ಮಾಣಗೊಂಡಿತೆಂದು ಇಮ್ಮಡಿ ದೇವರಾಯನ ಕ್ರಿ.ಶ. 1426ರ ಶಾಸನ ತಿಳಿಸುತ್ತದೆ. 1443ರಲ್ಲಿ ಈ ನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕನು, ತಾಂಬೂಲವು ಬಾಯಿಯ ದುರ್ಗಂಧವನ್ನು ನೀಗಿ ಹಲ್ಲುಗಳನ್ನು ಬಲಪಡಿಸುವುದೆಂದು ಹೊಗಳಿದನು. ಈ ಹೊಗಳಿಕೆ ಚರಿತ್ರೆಗೆ ಆಧಾರವೇ ಹೊರತು ವೈದ್ಯಕ್ಕಲ್ಲ. ಹೊಗೆಸೊಪ್ಪು ಬೆರೆಸದ ತಾಂಬೂಲವೂ ಬಾಯಿಯ ಕ್ಯಾನ್ಸರಿಗೆ ಕಾರಣವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿತು.

ಹೊಸಪೇಟೆ, ಕಂಪ್ಲಿ, ಸಂಡೂರು ಪರಿಸರದ ಊಟದಲ್ಲಿ ನೆಲೆನಿಂತಿರುವ ಮೊಸರು-ಮಜ್ಜಿಗೆಗಳ ಬಗೆಗೂ ಇದೇ ವಿವೇಚನೆ ಅಗತ್ಯ. ಹುಳಿಹಾಲಿನ ಜೀವಾಣುಗಳು ದೇಹಕ್ಕೆ ಹಿತಕರವೆಂಬ ವಾದವನ್ನು ರಷ್ಯಾದ ವಿಜ್ಞಾನಿ ಮೆಚ್ನಿಕಾಫ್ 1907ರಲ್ಲಿ ಮಂಡಿಸಿದರು. ಇಂತಹ ಉಪಕಾರಿ ಜೀವಾಣುಗಳಿಗೆ ಇಂದು ಪ್ರೊಬಯಾಟಿಕ್ ಎಂಬ ಹೆಸರಿದೆ.

ಆರೋಗ್ಯವಂತರ ಬಾಯಿಯಲ್ಲಿಯೂ ಇರಬಲ್ಲ ಕ್ಯಾಂಡಿಡಾ ಎಂಬ ಶಿಲೀಂಧ್ರವು ಮಧುಮೇಹ, ಕಟ್ಟುಹಲ್ಲು, ಪ್ರತಿಜೈವಿಕ ಔಷಧಗಳ ಸಂದರ್ಭದಲ್ಲಿ ಮಿತಿಮೀರಿ ಬೆಳೆದು, ನಾಲಗೆಯ ಮೇಲೆ ಬಿಳಿಯ ಪದರವಾಗಿ ಕಾಣಿಸಿಕೊಳ್ಳುತ್ತದೆ. 2007ರಲ್ಲಿ ಪ್ರಕಟವಾದ ಫಿನ್ಲೆಂಡಿನ ಅಧ್ಯಯನವೊಂದರಲ್ಲಿ 276 ವೃದ್ಧರಿಗೆ 16 ವಾರ ದಿನಕ್ಕೆ 50 ಗ್ರಾಂ ಚೀಸ್ ನೀಡಲಾಯಿತು. ಪ್ರೊಬಯಾಟಿಕ್ ಚೀಸ್ ತಿಂದವರಲ್ಲಿ ಶಿಲೀಂಧ್ರ ಹೆಚ್ಚಾಗಿದ್ದವರ ಪ್ರಮಾಣ ಶೇ. 30ರಿಂದ 21ಕ್ಕೆ ಇಳಿಯಿತು. ಸಾಧಾರಣ ಚೀಸ್ ತಿಂದವರಲ್ಲಿ ಶೇ. 28ರಿಂದ 34ಕ್ಕೆ ಏರಿತು.

ಈ ಫಲವು ಆಯ್ದ ತಳಿಗಳಿಗೆ ಸಂಬಂಧಿಸಿದ್ದು. ನಮ್ಮ ಮನೆಗಳ ಹೆಪ್ಪಿನಲ್ಲಿರುವ ಜೀವಾಣುಗಳು ಮನೆಯಿಂದ ಮನೆಗೆ ಬೇರೆ. ಆದ್ದರಿಂದ ಮಜ್ಜಿಗೆಯನ್ನು ಆಹಾರವೆಂದು ಗೌರವಿಸೋಣ. ಔಷಧವೆನ್ನಲು ಪರೀಕ್ಷೆ ಬೇಕು. ಬಿಳಿಯ ಪದರ ಮಾಯದಿದ್ದರೆ ವೈದ್ಯರನ್ನು ಕಾಣುವುದೇ ಮಾರ್ಗ. ಪರಂಪರೆಯ ಮೇಲಿನ ಅಭಿಮಾನವು ಪರೀಕ್ಷೆಗೆ ಅಂಜಬಾರದೆಂಬುದೇ ತಾಂಬೂಲದ ಚರಿತ್ರೆ ಕಲಿಸುವ ಪಾಠ.