ಹೆಪ್ಪುಗಟ್ಟಿದ ನೆಲದ ಮೇಲೆ ಹೆದ್ದಾರಿ

1942ನೆಯ ಇಸವಿ ನವೆಂಬರ್ 20ನೆಯ ತಾರೀಖು, ಕೆನಡ ದೇಶದ ವಾಯವ್ಯ ಮೂಲೆಯ ಯೂಕಾನ್ ಸೀಮೆಯಲ್ಲಿ, ಕ್ಲುವೇನ್ ಸರೋವರದ ಮೇಲಣ ಗುಡ್ಡವೊಂದರ ಓರೆಯಲ್ಲಿ, ಮೈ ಕೊರೆಯುವ ಚಳಿಯ ನಡುವೆ ಒಂದು ಚಿಕ್ಕ ಸಮಾರಂಭ ನಡೆಯಿತು. ದಾರಿಗೆ ಅಡ್ಡಲಾಗಿ ಕಟ್ಟಿದ್ದ ಪಟ್ಟಿಯನ್ನು ಅಮೆರಿಕ ಮತ್ತು ಕೆನಡದ ಪ್ರತಿನಿಧಿಗಳು ಕತ್ತರಿಸಿದರು. ಸೈನ್ಯದ ಲಾರಿಗಳು ಉತ್ತರಾಭಿಮುಖವಾಗಿ ಹೊರಟವು. ಡಾಸನ್ ಕ್ರೀಕ್ ಎಂಬ ಊರಿನಿಂದ ಅಲಾಸ್ಕದ ಬಿಗ್ ಡೆಲ್ಟದವರೆಗೆ, 1500 ಮೈಲಿಗೂ ಮಿಕ್ಕ ಹೆದ್ದಾರಿ ಕೇವಲ ಎಂಟು ತಿಂಗಳಲ್ಲಿ ಮುಗಿಯಿತೆಂದು ಜಗತ್ತಿಗೆ ಸಾರಲಾಯಿತು. ಅಂದಿನಿಂದಲೂ ಅಲಾಸ್ಕ ಹೆದ್ದಾರಿಯ ಮಾತು ಬಂದಾಗಲೆಲ್ಲ ಈ ಎಂಟು ತಿಂಗಳ ಸಾಹಸವನ್ನೇ ಎತ್ತಿ ಆಡುವುದು ವಾಡಿಕೆಯಾಗಿದೆ. ಸಾಹಸವೇನೋ ನಿಜ. ಆದರೆ ಆ ದಿನ ಮುಗಿದದ್ದು ಕಾಡು ಕಡಿದು ಮಾಡಿದ ಒಂದು ಜಾಡು ಮಾತ್ರ. ಅದು ರಸ್ತೆಯಾಗಬೇಕಾದರೆ, ಮನುಷ್ಯನು ಆ ನೆಲದ ಸ್ವಭಾವವನ್ನು ತಿಳಿಯಬೇಕಾಗಿತ್ತು. ಆ ಪಾಠ ಇನ್ನೂ ನಡೆಯುತ್ತಲೇ ಇದೆ. ಈ ಹೊತ್ತು ಶ್ರೋತೃಗಳ ಮುಂದೆ ಇಡಬೇಕೆಂದಿರುವುದು ಈ ಎರಡನೆಯ ಚರಿತ್ರೆಯನ್ನು.

ಭೂಪಟವನ್ನು ನೋಡಿದರೆ ಕಾರಣ ತಾನೇ ತಿಳಿಯುತ್ತದೆ. ಅಲಾಸ್ಕ ಅಮೆರಿಕ ಸಂಯುಕ್ತ ಸಂಸ್ಥಾನಗಳಿಗೆ ಸೇರಿದ್ದಾದರೂ ಎರಡರ ನಡುವೆ ಕೆನಡ ಬಿದ್ದುಕೊಂಡಿದೆ. ಹೋಗಿಬರಲು ಸಮುದ್ರವೇ ಗತಿ. 1941ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರಿನ ಮೇಲೆ ಜಪಾನೀಯರ ದಾಳಿಯಾದ ಮೇಲೆ ಆ ಸಮುದ್ರವನ್ನು ನಂಬುವಂತಿರಲಿಲ್ಲ. 1942ರ ಫೆಬ್ರವರಿ 11ರಂದು ಅಧ್ಯಕ್ಷ ರೂಸ್‌ವೆಲ್ಟರು ನೆಲದ ಮೇಲೊಂದು ದಾರಿಯಾಗಬೇಕೆಂದು ಅಪ್ಪಣೆ ಕೊಟ್ಟರು. ಕೆನಡ ಸರ್ಕಾರ ತನ್ನ ನೆಲದಲ್ಲಿ ಜಾಗ ಕೊಡಲು ಒಪ್ಪಿತು. ಅದೇ ಜೂನ್ ತಿಂಗಳಲ್ಲಿ ಜಪಾನೀ ಸೈನ್ಯ ಅಲಾಸ್ಕದ ಅಂಚಿನ ಅಟ್ಟು ಮತ್ತು ಕಿಸ್ಕ ದ್ವೀಪಗಳನ್ನು ಹಿಡಿದಾಗ ಅವಸರ ಇಮ್ಮಡಿಯಾಯಿತು. ಫೋರ್ಟ್ ಸೇಂಟ್ ಜಾನ್, ಫೋರ್ಟ್ ನೆಲ್ಸನ್, ವಾಟ್ಸನ್ ಲೇಕ್, ವೈಟ್‌ಹಾರ್ಸ್ ಮೊದಲಾದೆಡೆಗಳಲ್ಲಿ ಆಗಲೇ ವಿಮಾನನಿಲ್ದಾಣಗಳಿದ್ದುವು. ಅವನ್ನು ಒಂದೇ ದಾರದಲ್ಲಿ ಪೋಣಿಸುವಂತೆ ರಸ್ತೆ ಹಾಯಬೇಕೆಂದು ನಿಶ್ಚಯವಾಯಿತು.

ನಮ್ಮಲ್ಲಿ ರಸ್ತೆಯ ಕೆಲಸಕ್ಕೆ ಮಳೆಗಾಲ ಶತ್ರು, ಬೇಸಗೆ ಮಿತ್ರ. ಆ ಉತ್ತರದ ನಾಡಿನಲ್ಲಿ ಈ ಎಣಿಕೆಯೇ ತಲೆಕೆಳಗು. ಚಳಿಗಾಲದಲ್ಲಿ ನದಿಗಳೂ ಜೌಗುಗಳೂ ಕಲ್ಲಿನಂತೆ ಗಟ್ಟಿಯಾಗಿ, ಗಾಡಿ ಎಲ್ಲೆಂದರಲ್ಲಿ ಹೋಗಬಹುದು. ಎಲ್ಲರೂ ಹಾಡಿ ಹೊಗಳುವ ವಸಂತಕಾಲ ಬಂದಿತೋ, ನಾಡೆಲ್ಲ ಕೆಸರು! ಆದುದರಿಂದ ಮೊದಲ ಪಂದ್ಯ ವಸಂತದೊಡನೆ ನಡೆಯಿತು. ರೈಲುದಾರಿ ಡಾಸನ್ ಕ್ರೀಕಿನಲ್ಲಿ ಮುಗಿಯುತ್ತಿತ್ತು. ಅಲ್ಲಿಂದ ಸುಮಾರು 300 ಮೈಲಿ ದೂರದ ಫೋರ್ಟ್ ನೆಲ್ಸನ್ನಿಗೆ 35ನೆಯ ಇಂಜಿನಿಯರ್ ರೆಜಿಮೆಂಟು, ತನ್ನ ಯಂತ್ರಗಳು, ಎಣ್ಣೆ, ದಿನಸಿ ಸಮೇತ, ಹಿಮ ಕರಗುವ ಮೊದಲೇ ತಲಪಬೇಕಾಗಿತ್ತು. ದಾರಿಯಲ್ಲಿ ಪೀಸ್ ನದಿ. ಅದರ ಮೇಲಣ ನೀರ್ಗಲ್ಲು ಆಗಲೇ ಸಡಿಲವಾಗುತ್ತಿತ್ತು. ಅದರ ಮೇಲೆ ಮರದ ಹೊಟ್ಟು ಹರಡಿ, ಹಲಗೆ ಹಾಸಿ, ಭಾರದ ಯಂತ್ರಗಳನ್ನು ಒಂದೊಂದಾಗಿ ದಾಟಿಸಿದರು. ತುಸು ತಡವಾಗಿದ್ದರೂ ಆ ವರ್ಷದ ಕೆಲಸದ ಬಹುಪಾಲು ಅಲ್ಲಿಗೇ ನಿಂತುಹೋಗುತ್ತಿತ್ತು.

ಬಿಸಿಲು ಬಂದಮೇಲೆ ಕಷ್ಟಗಳು ಸಾಲುಗಟ್ಟಿ ನಿಂತವು. ಆ ನಾಡಿನವರು ಮಸ್ಕೆಗ್ ಎಂದು ಕರೆಯುವ ಜೌಗುನೆಲದಲ್ಲಿ ಬುಲ್‌ಡೋಜರುಗಳು ಕತ್ತಿನವರೆಗೆ ಹುಗಿದುಹೋಗುತ್ತಿದ್ದುವು. ಅಂಥ ಕಡೆ ಸ್ಪ್ರೂಸ್ ಮರಗಳನ್ನು ಕಡಿದು, ದಿಮ್ಮಿಗಳನ್ನು ದಾರಿಗೆ ಅಡ್ಡಲಾಗಿ ಒತ್ತೊತ್ತಾಗಿ ಜೋಡಿಸಿ, ಒಂದು ಹಾಸು ಮುಳುಗಿದರೆ ಅದರ ಮೇಲೆ ಮತ್ತೊಂದು ಹಾಸು ಹಾಕಿ, ಮಣ್ಣು ಮುಚ್ಚುತ್ತಿದ್ದರು. ನೀರೂ ಬಲಿ ತೆಗೆದುಕೊಂಡಿತು. ಮೇ 14ರಂದು ಚಾರ್ಲಿ ಸರೋವರದಲ್ಲಿ ಸಾಮಾನು ಹೇರಿಕೊಂಡು ಹೋಗುತ್ತಿದ್ದ ತೆಪ್ಪವೊಂದು ಬಿರುಗಾಳಿಯ ಅಲೆಗೆ ಸಿಕ್ಕಿ ಮುಳುಗಿತು. ಹಿಮ ಕರಗಿದ ಆ ನೀರಿನಲ್ಲಿ ಹನ್ನೆರಡು ಮಂದಿ ಸೈನಿಕರು ಮಡಿದರು. ದಡದಲ್ಲಿ ವಾಸಿಸುತ್ತಿದ್ದ ಒಬ್ಬ ಬೇಟೆಗಾರನು ತನ್ನ ಪುಟ್ಟ ದೋಣಿಯಲ್ಲಿ ಮತ್ತೆ ಮತ್ತೆ ಹೋಗಿ ಉಳಿದ ಐವರನ್ನು ಬದುಕಿಸಿದನು.

ಆದರೆ ಇವೆಲ್ಲ ಕಣ್ಣಿಗೆ ಕಾಣುವ ವಿಪತ್ತುಗಳು. ಕಾಣದ ವಿಪತ್ತು ಮುಂದೆ, ಕ್ಲುವೇನ್ ಸರೋವರಕ್ಕೂ ಅಲಾಸ್ಕದ ಗಡಿಗೂ ನಡುವಣ ಸೀಮೆಯಲ್ಲಿ, ಪಾಚಿಯ ಕೆಳಗೆ ಅಡಗಿತ್ತು. ಅಲ್ಲಿ ನೆಲ ವರ್ಷದ ಹನ್ನೆರಡು ತಿಂಗಳೂ ಹೆಪ್ಪುಗಟ್ಟಿಯೇ ಇರುತ್ತದೆ. ಬೇಸಗೆಯಲ್ಲಿ ಮೇಲಿನ ಒಂದೆರಡು ಅಡಿ ಮಾತ್ರ ಸಡಿಲವಾಗುತ್ತದೆ. ಕೆಳಗೆ ಮಣ್ಣು, ಮರಳು, ನೀರ್ಗಲ್ಲು ಎಲ್ಲವೂ ಬೆರೆತು ಒಂದೇ ಬಂಡೆಯಂತೆ ಸಾವಿರಾರು ವರ್ಷಗಳಿಂದ ನಿಂತಿವೆ. ಕೆಲವೆಡೆ ಮಣ್ಣಿಗಿಂತ ನೀರ್ಗಲ್ಲೇ ಹೆಚ್ಚು. ಬೇಸಗೆಯ ಬಿಸಿಲು ಕೆಳಕ್ಕಿಳಿಯದಂತೆ ತಡೆದಿರುವುದು ಮೇಲಿನ ಪಾಚಿಯ ಹೊದಿಕೆ.

ಇಂಜಿನಿಯರುಗಳಿಗೆ ತಿಳಿದಿದ್ದ ಶಾಸ್ತ್ರ ಬೇರೆ. ಒಳ್ಳೆಯ ರಸ್ತೆಗೆ ಮೊದಲು ಮೇಲಿನ ಕಸಕಡ್ಡಿ ತೆಗೆದು ಗಟ್ಟಿನೆಲ ಕಾಣುವವರೆಗೆ ಕೆರೆಯಬೇಕೆಂಬುದು ಲೋಕದ ಪದ್ಧತಿ. ಅದರಂತೆಯೇ ಬುಲ್‌ಡೋಜರಿನಿಂದ ಮರ ಕೆಡವಿ, ಪಾಚಿ ಕೆರೆದು, ಗಟ್ಟಿನೆಲವನ್ನು ಕಂಡು ಸಂತೋಷಪಟ್ಟರು. ಬಿಸಿಲು ತಗಲಿದೊಡನೆ ಆ ಗಟ್ಟಿನೆಲ ಕರಗಲಾರಂಭಿಸಿತು. ಕರಗಿದ ನೀರಿಗೆ ಇಂಗಲು ದಾರಿಯಿಲ್ಲ, ಕೆಳಗೆ ಇನ್ನೂ ಹೆಪ್ಪು. ಹೀಗಾಗಿ ದಾರಿ ಅಂಬಲಿಯಾಯಿತು. ಕೆಸರನ್ನು ಇನ್ನಷ್ಟು ಕೆರೆದರೆ ಇನ್ನಷ್ಟು ಕೆಳಗಿನ ಹೆಪ್ಪು ಬಿಸಿಲಿಗೆ ಬಿದ್ದು, ಹೊಂಡ ಇನ್ನಷ್ಟು ಆಳವಾಯಿತು. ದುಡಿದಷ್ಟೂ ಕೆಡುವ ಕೆಲಸ! ಕಡೆಗೆ ಅನುಭವವೇ ಉಪಾಯವನ್ನು ಕಲಿಸಿತು. ಮರಗಳನ್ನು ಕೈಯಿಂದ ಕಡಿಯುವುದು, ಪಾಚಿಯನ್ನು ಮುಟ್ಟದಿರುವುದು, ಅದರ ಮೇಲೆ ಕೊಂಬೆ ದಿಮ್ಮಿಗಳನ್ನು ಹಾಸಿ, ಆಗಲೇ ಮುಗಿದ ರಸ್ತೆಯ ಮೇಲೆಯೇ ನಿಂತು ಮುಂದಕ್ಕೆ ಗರಸು ಸುರಿಯುತ್ತ ಹೋಗುವುದು. ಕರಗುವ ನೆಲವನ್ನು ಗಟ್ಟಿಮಾಡಲು ಹೊರಡುವ ಬದಲು ಅದನ್ನು ತಣ್ಣಗೆ ಮಲಗಿರಲು ಬಿಡುವುದೇ ಅಲ್ಲಿನ ರಸ್ತೆಯ ಶಾಸ್ತ್ರ.

ಈ ಜ್ಞಾನ ಜಗತ್ತಿಗೆ ಹೊಸದಾಗಿರಲಿಲ್ಲವೆಂಬುದು ಸೋಜಿಗದ ಸಂಗತಿ. ಸೈಬೀರಿಯದ ಯಾಕುತ್ಸ್ಕ್ ಪಟ್ಟಣದಲ್ಲಿ ಷೆರ್ಗಿನ್ ಎಂಬಾತನು 1827ರಿಂದ ಹತ್ತು ವರ್ಷ ಬಾವಿ ತೋಡಿಸಿ, ಸುಮಾರು 116 ಮೀಟರ್ ಆಳ ಹೋದರೂ ನೀರು ಕಾಣದೆ ಹೆಪ್ಪುಗಟ್ಟಿದ ಮಣ್ಣನ್ನೇ ಕಂಡನು. ಈತನು ಯಾವ ಸಂಸ್ಥೆಯ ನೌಕರನೆಂದರೆ, ಆಗ ಅಲಾಸ್ಕವನ್ನು ಆಳುತ್ತಿದ್ದ ರಷ್ಯನ್-ಅಮೆರಿಕನ್ ಕಂಪೆನಿಯ ನೌಕರ! ಅಂದಿನಿಂದ ರಷ್ಯದ ವಿದ್ವಾಂಸರು ಈ ನೆಲವನ್ನು ಕುರಿತು ಗ್ರಂಥಗಳನ್ನೇ ಬರೆದಿದ್ದರು. ಆದರೆ 1867ರಲ್ಲಿ ರಷ್ಯದಿಂದ ಅಲಾಸ್ಕವನ್ನು ಕೊಂಡ ಅಮೆರಿಕ, ನೆಲವನ್ನು ಕೊಂಡಿತೇ ಹೊರತು ನೆಲದ ವಿದ್ಯೆಯನ್ನು ಕೊಳ್ಳಲಿಲ್ಲ. ರಸ್ತೆ ಕುಸಿಯತೊಡಗಿದ ಮೇಲೆ, ರಷ್ಯದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ್ದ ಭೂವಿಜ್ಞಾನಿ ಸೈಮನ್ ಮುಲ್ಲರ್ ಎಂಬುವರು ಆ ರಷ್ಯನ್ ಗ್ರಂಥಗಳ ಸಾರವನ್ನು ಸೈನ್ಯಕ್ಕಾಗಿ ಇಂಗ್ಲಿಷಿನಲ್ಲಿ ಬರೆದುಕೊಟ್ಟರು. ‘ಪರ್ಮಾಫ್ರಾಸ್ಟ್’ ಎಂಬ ಪದವನ್ನು ಅವರೇ 1943ರಲ್ಲಿ ಟಂಕಿಸಿದರು. ರಸ್ತೆ ಮುಂಚೆ ಆಯಿತು. ಅದು ನಿಂತಿರುವ ನೆಲಕ್ಕೆ ಇಂಗ್ಲಿಷಿನಲ್ಲಿ ಹೆಸರು ಆಮೇಲೆ ಬಂದಿತು.

ಕೆಲಸ ಮಾಡಿದವರನ್ನು ಕುರಿತು ಕೆಲವು ಮಾತು. 1942ರಲ್ಲಿ ಅಲ್ಲಿದ್ದ ಸೈನಿಕರು ಹತ್ತು ಸಾವಿರಕ್ಕೂ ಹೆಚ್ಚು. ಅವರಲ್ಲಿ ಸುಮಾರು ಮೂರರಲ್ಲೊಂದು ಪಾಲು ನೀಗ್ರೋ ಜನಾಂಗದವರು, ಎಂದರೆ ಇಂದು ಆಫ್ರಿಕನ್ ಅಮೆರಿಕನ್ನರೆಂದು ಕರೆಯಲ್ಪಡುವವರು. ಅಂದಿನ ಅಮೆರಿಕದ ಸೈನ್ಯದಲ್ಲಿ ಬಿಳಿಯರ ದಳ ಬೇರೆ, ಕರಿಯರ ದಳ ಬೇರೆ. 93, 95 ಮತ್ತು 97ನೆಯ ರೆಜಿಮೆಂಟುಗಳ ಈ ಜನರು ಬೆಚ್ಚನೆಯ ದಕ್ಷಿಣ ಸೀಮೆಯ ಶಿಬಿರಗಳಿಂದ ಬಂದವರು. ಬಹುಮಂದಿ ಹಿಮವನ್ನೇ ಕಂಡವರಲ್ಲ. ಅಲಾಸ್ಕದ ಸೇನಾಧಿಪತಿ ಬಕ್ನರರು ಇವರ ಬರವನ್ನೇ ವಿರೋಧಿಸಿದ್ದರು. ಯುದ್ಧ ಮುಗಿದ ಮೇಲೆ ಇವರು ಅಲ್ಲೇ ನಿಂತುಬಿಟ್ಟಾರೆಂಬುದು ಅವರ ಭಯ. 95ನೆಯ ರೆಜಿಮೆಂಟಿಗೆ ದೊಡ್ಡ ಯಂತ್ರಗಳನ್ನು ಕೊಡದೆ ಗುದ್ದಲಿ, ಗರಗಸಗಳನ್ನು ಕೈಗಿತ್ತರು. ಆ ಜನರೇ ಜುಲೈ ತಿಂಗಳಲ್ಲಿ ಸಿಕಾನಿ ಚೀಫ್ ನದಿಗೆ, ಹತ್ತಿರದ ಕಾಡಿನ ಮರವನ್ನೇ ಕಡಿದು, ಕೊರೆಯುವ ನೀರಿನಲ್ಲಿ ಎದೆಮಟ್ಟ ನಿಂತು, ನಾಲ್ಕು ದಿನ ತುಂಬುವುದರೊಳಗಾಗಿ ಸೇತುವೆ ಕಟ್ಟಿಕೊಟ್ಟರು. ಅಕ್ಟೋಬರ್ 25ರಂದು ಬೀವರ್ ಕ್ರೀಕಿನ ಸಮೀಪದ ಕಾಡಿನಲ್ಲಿ ಎರಡು ದಿಕ್ಕಿನಿಂದ ಬಂದ ಬುಲ್‌ಡೋಜರುಗಳು ಎದುರುಬದುರಾದುವು. ಒಂದರ ಮೇಲೆ 97ನೆಯ ದಳದ ಕರಿಯ ಕಾರ್ಪೊರಲ್ ರಿಫೈನ್ಸ್ ಸಿಮ್ಸ್. ಇನ್ನೊಂದರ ಮೇಲೆ 18ನೆಯ ದಳದ ಬಿಳಿಯ ಸೈನಿಕ ಆಲ್‌ಫ್ರೆಡ್ ಜಲುಫ್ಕ. ಇಬ್ಬರೂ ಕೈಕುಲುಕಿದರು. ಸೈನ್ಯದಲ್ಲಿ ವರ್ಣಭೇದವನ್ನು ತೊಡೆಯುವ ಅಪ್ಪಣೆ ಹೊರಟದ್ದು ಆರು ವರ್ಷದ ಮೇಲೆ, 1948ರಲ್ಲಿ. ಅಲಾಸ್ಕದ ಗರ್ಸ್ಟಲ್ ನದಿಯ ಸೇತುವೆಗೆ ಈ ಯೋಧರ ಸ್ಮರಣಾರ್ಥವಾದ ಹೆಸರು ಬಂದದ್ದು 1993ರಲ್ಲಿ. ದಾರಿ ತೋರಿಸಿದ ಮೂಲನಿವಾಸಿಗಳ ಪಾಡು ಇನ್ನೂ ಕಷ್ಟ. ಅವರ ಕಾಲುಜಾಡುಗಳನ್ನೇ ಅನೇಕ ಕಡೆ ರಸ್ತೆ ಹಿಡಿಯಿತು. ಅದೇ ರಸ್ತೆಯಲ್ಲಿ ದಡಾರ ಮೊದಲಾದ ರೋಗಗಳು ಬಂದು ಟೆಸ್ಲಿನ್ ಮುಂತಾದ ಹಳ್ಳಿಗಳನ್ನು ಹಿಂಡಿಬಿಟ್ಟವು.

ಪಟ್ಟಿ ಕತ್ತರಿಸಿದ ಮೇಲೆ ಬಂದ ಚಳಿಗಾಲ ಅತಿ ಕ್ರೂರವಾಗಿತ್ತು. ಸೆಂಟಿಗ್ರೇಡ್ ಮಾಪನದಲ್ಲಿ ಸೊನ್ನೆಗಿಂತ 40 ಡಿಗ್ರಿ ಕೆಳಗೆ ಇಳಿದರೆ ಎಣ್ಣೆ ಗಟ್ಟಿಯಾಗುತ್ತದೆ, ಉಕ್ಕು ಗಾಜಿನಂತೆ ಸೀಳುತ್ತದೆ. ಒಮ್ಮೆ ನಿಲ್ಲಿಸಿದ ಯಂತ್ರ ಮತ್ತೆ ಹೊರಡುವ ನಂಬಿಕೆಯಿಲ್ಲವಾದ್ದರಿಂದ ರಾತ್ರಿಯೆಲ್ಲ ಓಡಿಸಿಯೇ ಇಡುತ್ತಿದ್ದರು. 97ನೆಯ ದಳದವರು ಈ ಚಳಿಯನ್ನು ಗುಡಾರಗಳಲ್ಲಿ ಕಳೆದರು. ಚಳಿಯಲ್ಲಿಯೂ ನೀರಿನ ಕಾಟ ತಪ್ಪಲಿಲ್ಲ. ತೊರೆ ತಳದವರೆಗೆ ಹೆಪ್ಪುಗಟ್ಟಿದಾಗ ನೆಲದೊಳಗಿನ ಒರತೆಗೆ ದಾರಿ ಮುಚ್ಚಿ, ಅದು ಮೇಲಕ್ಕೆ ಉಕ್ಕಿ ರಸ್ತೆಯ ಮೇಲೆ ಹರಿದು ಅಲ್ಲಿಯೇ ಗಟ್ಟಿಯಾಗುತ್ತದೆ; ಮರುದಿನ ಅದರ ಮೇಲೆ ಇನ್ನೊಂದು ಪದರ. ಹೀಗೆ ಮೋರಿಗಳೂ ಸೇತುವೆಗಳೂ ನೀರ್ಗಲ್ಲಿನಲ್ಲಿ ಹೂತುಹೋಗುತ್ತವೆ. ಬೀವರ್ ಕ್ರೀಕಿಗೆ ಅನತಿದೂರದ ಸ್ನಾಗ್ ಎಂಬ ವಿಮಾನನಿಲ್ದಾಣದಲ್ಲಿ 1947ರ ಫೆಬ್ರವರಿ 3ರಂದು ಸೊನ್ನೆಗಿಂತ 63 ಡಿಗ್ರಿ ಕೆಳಗಿನ ಶೀತ ದಾಖಲೆಯಾಯಿತು; ಕೆನಡದಲ್ಲಿ ಅಷ್ಟು ಚಳಿ ಇನ್ನೆಂದೂ ಅಳತೆಗೆ ಸಿಕ್ಕಿಲ್ಲ.

1943ರ ವಸಂತದಲ್ಲಿ ಹಿಮ ಕರಗಿದಾಗ ‘ಮುಗಿದ’ ಹೆದ್ದಾರಿಯ ನಿಜಸ್ಥಿತಿ ಬಯಲಾಯಿತು. ಮರದ ಸೇತುವೆಗಳು ಕೊಚ್ಚಿಹೋದವು. ಗಡಿಸೀಮೆಯ ದಾರಿ ಕೆಸರಿನಲ್ಲಿ ಅಡಗಿತು. ಸಾವಿರಾರು ಕೂಲಿಗಳೂ ಗುತ್ತಿಗೆದಾರರೂ ಬಂದು ಬಹುಮಟ್ಟಿಗೆ ಹೊಸದಾಗಿಯೇ ರಸ್ತೆ ಮಾಡಬೇಕಾಯಿತು. 1946ರ ಏಪ್ರಿಲ್ ಒಂದರಂದು ತನ್ನ ಭಾಗವನ್ನು ಕೆನಡ ವಹಿಸಿಕೊಂಡಿತು. ಅಂದಿನಿಂದ ತಿರುವುಗಳನ್ನು ನೇರ ಮಾಡುತ್ತ ಮಾಡುತ್ತ ಈಗ ರಸ್ತೆಯ ಉದ್ದ 1400 ಮೈಲಿಗೂ ಕಡಮೆಯಾಗಿದೆ. 1943ರಲ್ಲಿ ಹೆಮ್ಮೆಯಿಂದ ಕಟ್ಟಿದ ಪೀಸ್ ನದಿಯ ತೂಗುಸೇತುವೆ ಸಹ, ಅದರ ಒಂದು ದಡದ ನೆಲ ಜಾರಿದ್ದರಿಂದ, 1957ರ ಅಕ್ಟೋಬರಿನಲ್ಲಿ ಕುಸಿದುಬಿದ್ದಿತು.

ಈಗ ಆ ನೆಲಕ್ಕೆ ಹೊಸದೊಂದು ಕುತ್ತು ಬಂದಿದೆ. ಭೂಮಿಯ ಹವೆ ಬಿಸಿಯಾಗುತ್ತಿದೆ. ಉತ್ತರದ ಸೀಮೆಗಳಲ್ಲಿ ಉಳಿದ ಕಡೆಗಳಿಗಿಂತ ಬೇಗ ಬಿಸಿಯಾಗುತ್ತಿದೆ. ಪಾಚಿ ಮುಟ್ಟದೆ ಕಟ್ಟಿದ ದಾರಿಯ ಕೆಳಗೂ ಹೆಪ್ಪು ಕರಗಿ, ಬೀವರ್ ಕ್ರೀಕಿನ ಆಸುಪಾಸಿನಲ್ಲಿ ರಸ್ತೆ ಅಲೆಯಲೆಯಾಗಿ ತಗ್ಗಿದೆ, ಅಂಚುಗಳು ಬಿರುಕುಬಿಟ್ಟು ಜಾರಿವೆ. 2008ರಲ್ಲಿ ಯೂಕಾನ್ ಸರ್ಕಾರದವರೂ ವಿಶ್ವವಿದ್ಯಾನಿಲಯದ ತಜ್ಞರೂ ಕೂಡಿ ಅಲ್ಲಿ ಒಂದು ತುಂಡು ರಸ್ತೆಯನ್ನೇ ಪ್ರಯೋಗಶಾಲೆಯಾಗಿ ಮಾಡಿದರು. ಒಂದು ಕಡೆ ಬಿಸಿಲನ್ನು ಹಿಮ್ಮೆಟ್ಟಿಸುವ ತಿಳಿಬಣ್ಣದ ಮೇಲ್ಮೈ. ಇನ್ನೊಂದು ಕಡೆ ಚಳಿಗಾಳಿ ಒಳಗಾಡುವಂತೆ ದಪ್ಪಕಲ್ಲುಗಳ ಏರಿ. ಮತ್ತೊಂದು ಕಡೆ ಅವರು ಮಾಡಿದ್ದು ಏರಿಯ ಇಳಿಜಾರಿನ ಹಿಮವನ್ನು ತೆಗೆದುಹಾಕುವುದು. ಕೇಳಿದರೆ ವಿಚಿತ್ರವೆನಿಸೀತು. ಆದರೆ ಹಿಮ ನೆಲಕ್ಕೆ ಕಂಬಳಿ ಇದ್ದಂತೆ. ಅದು ಹೊದೆದಿರುವಷ್ಟು ಕಾಲ ನೆಲ ಬೆಚ್ಚಗಿರುತ್ತದೆ. ಕಂಬಳಿಯನ್ನು ಎಳೆದರೆ ಚಳಿ ಆಳಕ್ಕಿಳಿದು, ಬರುವ ಬೇಸಗೆಯನ್ನು ತಡೆದುಕೊಳ್ಳುವಷ್ಟು ತಂಪನ್ನು ನೆಲದಲ್ಲಿ ಕೂಡಿಡುತ್ತದೆ. ಅದು ಎಷ್ಟು ಆಳಕ್ಕೆ ಇಳಿಯಿತೆಂಬುದನ್ನು ಅಳೆಯುವುದಕ್ಕಾಗಿ ದಾರಿಯ ಹೊಟ್ಟೆಯೊಳಗೆ ಉಷ್ಣಮಾಪಕಗಳ ಸರಗಳನ್ನು ಹೂಳಿದರು.