ನಂಬರ್ ಅದೇ, ಕಂಪನಿ ಬೇರೆ: ಗಡಿಭಾಗದ ಗ್ರಾಹಕರಿಗೆ ಪೋರ್ಟಿಂಗ್ ಮಾಹಿತಿ

ಹಿಂದೂಪುರ/ಕಲ್ಯಾಣದುರ್ಗ: ಮೊಬೈಲ್ ನಂಬರ್ ಉಳಿಸಿಕೊಂಡು ಕಂಪನಿಯನ್ನು ಮಾತ್ರ ಬದಲಿಸುವ ವ್ಯವಸ್ಥೆಯೇ ನಂಬರ್ ಪೋರ್ಟಬಿಲಿಟಿ. 2010ರ ನವೆಂಬರ್ 25ರಂದು ಹರಿಯಾಣದಲ್ಲಿ ಆರಂಭವಾದ ಈ ಸೌಲಭ್ಯ, 2011ರ ಜನವರಿ 20ರಂದು ಆಂಧ್ರ, ಕರ್ನಾಟಕ ಸೇರಿದಂತೆ ದೇಶದ ಎಲ್ಲೆಡೆ ಜಾರಿಗೆ ಬಂತು.

ಅದಕ್ಕೂ ಮೊದಲು ಎದುರಾಳಿಯ ಗ್ರಾಹಕರನ್ನು ಸೆಳೆಯಲು ಕಂಪನಿಗಳಿಗಿದ್ದ ದೊಡ್ಡ ಅಸ್ತ್ರ ದರ ಕಡಿತ. 2009ರಲ್ಲಿ ಟಾಟಾ ಡೊಕೊಮೊ ಸೆಕೆಂಡಿಗೆ 1 ಪೈಸೆ ದರ ತಂದಾಗ ಉಳಿದವರೂ ಅದೇ ದಾರಿ ಹಿಡಿದರು. ಆದರೆ ಕಂಪನಿ ಬದಲಿಸಿದರೆ ನಂಬರೂ ಬದಲಾಗುತ್ತಿತ್ತು. ನೆಂಟರಿಗೆ, ಮಂಡಿ ವ್ಯಾಪಾರಿಗಳಿಗೆ ಕೊಟ್ಟ ನಂಬರ್ ಬಿಡಲಾಗದೆ ಅನೇಕರು ಹಳೆಯ ಕಂಪನಿಯಲ್ಲೇ ಉಳಿಯುತ್ತಿದ್ದರು.

ಗಡಿಯ ತೊಡಕು

ಟೆಲಿಕಾಂ ಲೆಕ್ಕದಲ್ಲಿ ಆಂಧ್ರ ಒಂದು ಸರ್ಕಲ್, ಕರ್ನಾಟಕ ಇನ್ನೊಂದು. ಹಿಂದೂಪುರದವರು ಗೌರಿಬಿದನೂರಿಗೆ, ಕಲ್ಯಾಣದುರ್ಗದವರು ಪಾವಗಡಕ್ಕೆ ಹೋದರೆ ರೋಮಿಂಗ್ ಬೀಳುತ್ತಿತ್ತು. ಬಂದ ಕರೆಗೂ ದುಡ್ಡು. ಇದರ ಗರಿಷ್ಠ ದರವನ್ನು ಟ್ರಾಯ್ 2007ರಲ್ಲಿ ನಿಮಿಷಕ್ಕೆ 1.75 ರೂಪಾಯಿ, 2013ರಲ್ಲಿ 75 ಪೈಸೆ, 2015ರಲ್ಲಿ 45 ಪೈಸೆ ಎಂದು ನಿಗದಿ ಮಾಡಿತು. 2016ರಲ್ಲಿ ಜಿಯೋ ರೋಮಿಂಗ್ ಶುಲ್ಕವಿಲ್ಲದೆ ಕಣಕ್ಕಿಳಿಯಿತು. 2017ರಲ್ಲಿ ಏರ್‌ಟೆಲ್ ಕೂಡ ದೇಶದೊಳಗಿನ ರೋಮಿಂಗ್ ಶುಲ್ಕ ಕೈಬಿಟ್ಟಿತು.

ಪೋರ್ಟಿಂಗ್ ಕೂಡ ಮೊದಲು ಒಂದೇ ಸರ್ಕಲ್ ಒಳಗೆ ಮಾತ್ರ ಸಾಧ್ಯವಿತ್ತು. ಮದುವೆಯಾಗಿ ಗಡಿ ದಾಟಿದ ಹೆಣ್ಣುಮಕ್ಕಳು ಅಲ್ಲಿನ ಸಿಮ್ ಬೇಕೆಂದರೆ ನಂಬರ್ ಬಿಡಬೇಕಿತ್ತು. 2015ರ ಜುಲೈ 3ರಿಂದ ಈ ನಿರ್ಬಂಧವಿಲ್ಲ.

ಮಾಡುವುದು ಹೇಗೆ?

* ಇಂಗ್ಲಿಷ್‌ನಲ್ಲಿ ಪೋರ್ಟ್ ಎಂದು ಟೈಪ್ ಮಾಡಿ, ಜಾಗ ಬಿಟ್ಟು 10 ಅಂಕಿಯ ನಂಬರ್ ಬರೆದು 1900ಕ್ಕೆ ಎಸ್ಸೆಮ್ಮೆಸ್ ಕಳುಹಿಸಬೇಕು.
* ಉತ್ತರವಾಗಿ 8 ಅಕ್ಷರಗಳ ಯುಪಿಸಿ ಕೋಡ್ ಬರುತ್ತದೆ. ಇಲ್ಲಿ ಅದಕ್ಕೆ 4 ದಿನ ಮಾತ್ರ ಆಯಸ್ಸು.
* ಕೋಡ್ ಮತ್ತು ಗುರುತಿನ ದಾಖಲೆಯೊಂದಿಗೆ ಹೊಸ ಕಂಪನಿಯ ಅಂಗಡಿಗೆ ಹೋಗಬೇಕು. ಸರ್ಕಲ್ ಒಳಗಾದರೆ 3, ಹೊರಗಾದರೆ 5 ಕೆಲಸದ ದಿನ ಹಿಡಿಯುತ್ತದೆ.
* ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು. ಪೋಸ್ಟ್‌ಪೇಯ್ಡ್ ಬಾಕಿ ತೀರಿರಬೇಕು. ಪ್ರಿಪೇಯ್ಡ್‌ನಲ್ಲಿ ಉಳಿದ ಬ್ಯಾಲೆನ್ಸ್ ಹೊಸ ಕಂಪನಿಗೆ ಬರುವುದಿಲ್ಲ.

ಎಚ್ಚರ ಅಗತ್ಯ

ಬ್ಯಾಂಕ್ ಖಾತೆ, ಆಧಾರ್‌ನ ಒಟಿಪಿ ಇದೇ ನಂಬರಿಗೆ ಬರುತ್ತದೆ. ನಂಬರ್ ಬೇರೆಯವರ ಕೈಸೇರಿದರೆ ಖಾತೆಯ ಹಣಕ್ಕೂ ಅಪಾಯ. ಹಾಗಾಗಿ ಯುಪಿಸಿ ಕೋಡನ್ನು ಫೋನಿನಲ್ಲಿ ಕೇಳಿದವರಿಗೆಲ್ಲ ಹೇಳಬಾರದು. 2024ರ ಜುಲೈ 1ರಿಂದ, ಕಳೆದ ಅಥವಾ ಕೆಟ್ಟ ಸಿಮ್ ಬದಲಿಸಿದ 7 ದಿನದೊಳಗೆ ಈ ಕೋಡ್ ಸಿಗುವುದಿಲ್ಲ.

ಅದೇ ತಿಂಗಳು ಜಿಯೋ, ಏರ್‌ಟೆಲ್, ವಿಐ ದರ ಏರಿಸಿದಾಗ ದೇಶದಲ್ಲಿ ಅನೇಕರು ಬಿಎಸ್‌ಎನ್‌ಎಲ್‌ಗೆ ಪೋರ್ಟ್ ಆದರು. ಆದರೆ ದರ ಒಂದನ್ನೇ ನೋಡಿದರೆ ಸಾಲದು. ಹಳ್ಳಿಯಲ್ಲಿ ಯಾವ ಟವರ್ ಸಿಗುತ್ತದೆ ಎಂಬುದನ್ನು ಅಕ್ಕಪಕ್ಕದವರ ಫೋನಿನಲ್ಲಿ, ಮನೆಯೊಳಗೂ ಹೊಲದಲ್ಲೂ ನೋಡಿಕೊಳ್ಳುವುದು ಒಳ್ಳೆಯದು. ಒಮ್ಮೆ ಪೋರ್ಟ್ ಆದರೆ ಮತ್ತೆ ಬದಲಿಸಲು 90 ದಿನ ಕಾಯಬೇಕು.