ಹನ್ನೊಂದನೆಯ ದಾರಿ

1974ರ ಮಳೆಗಾಲದ ಒಂದು ರಾತ್ರಿ ನಮ್ಮ ತಂದೆಯವರಿಗೆ ಎದೆನೋವು ಕಾಣಿಸಿತು. ನಾನು ಪಕ್ಕದ ಮನೆಗೆ ಓಡಿ, ಊರಿನ ಇನ್ನೊಂದು ಬಡಾವಣೆಯಲ್ಲಿದ್ದ ವೈದ್ಯರಿಗೆ ಟೆಲಿಫೋನು ಮಾಡತೊಡಗಿದೆ. ಎಷ್ಟು ಸಲ ತಿರುಗಿಸಿದರೂ ‘ಎಂಗೇಜ್ಡ್’ ಸದ್ದು. ಇಷ್ಟು ಹೊತ್ತಿನಲ್ಲಿ ಯಾರೊಡನೆ ಹರಟುತ್ತಿದ್ದಾರೆಂದು ಅವರನ್ನು ಮನಸಾರೆ ಬಯ್ದು, ಕೊನೆಗೆ ಸೈಕಲ್ ಹತ್ತಿ ಹೋಗಿ ಬಾಗಿಲು ತಟ್ಟಿದೆ. ಅಂದು ರಾತ್ರಿ ಅವರ ಟೆಲಿಫೋನನ್ನು ಯಾರೂ ಮುಟ್ಟಿಯೇ ಇರಲಿಲ್ಲವಂತೆ! ತಂದೆ ಉಳಿದರು, ಆ ಮಾತು ಇರಲಿ. ಕರೆಯುವವನೂ ಸಿದ್ಧ, ಓಗೊಡುವವನೂ ಸಿದ್ಧ, ನಡುವೆ ಮಾತ್ರ ದಾರಿಯಿಲ್ಲ. ಎಂಜಿನಿಯರುಗಳು ಇದಕ್ಕೆ ‘ತಡೆ’ ಎನ್ನುತ್ತಾರೆಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಅಮೆರಿಕದಲ್ಲಿ ಶವಸಂಸ್ಕಾರದ ವ್ಯಾಪಾರ ನಡೆಸುತ್ತಿದ್ದ ಆಲ್ಮನ್ ಸ್ಟ್ರೋಜರ್ ಸ್ವಯಂಚಾಲಿತ ಸ್ವಿಚ್ಚಿಗೆ 1891ರಲ್ಲಿ ಪೇಟೆಂಟ್ ಪಡೆದ. ಟೆಲಿಫೋನು ಜೋಡಿಸುವ ಹೆಂಗಸು ತನ್ನ ಗಿರಾಕಿಗಳನ್ನು ಎದುರಾಳಿಯ ಕಡೆಗೆ ತಿರುಗಿಸುತ್ತಿದ್ದಳೆಂಬುದೇ ಅವನ ಸಿಟ್ಟಿಗೆ ಕಾರಣವೆಂದು ಕಥೆಯುಂಟು. ಯಂತ್ರವೇನೋ ಬಂದಿತು, ಆದರೆ ಗಾತ್ರದ ಸಮಸ್ಯೆ ಹಾಗೆಯೇ ಉಳಿಯಿತು. ಪ್ರತಿಯೊಂದು ಗೆರೆಯನ್ನೂ ಪ್ರತಿಯೊಂದಕ್ಕೂ ನೇರವಾಗಿ ಕೂಡಿಸಬೇಕಾದರೆ 36 ಗೆರೆಗಳಿಗೆ 1,296 ಸಂಧಿಗಳು ಬೇಕು. ಹತ್ತು ಸಾವಿರಕ್ಕೆ? ಹತ್ತು ಕೋಟಿ! ಒಂದೊಂದು ಸಂಧಿಯೂ ಕಾಸು ಕೊಟ್ಟು ಮಾಡಿಸಬೇಕಾದ ಲೋಹದ ಕೊಂಡಿ.

ಬೆಲ್ ಪ್ರಯೋಗಾಲಯದ ಚಾರ್ಲ್ಸ್ ಕ್ಲೋ 1953ರ ಮಾರ್ಚಿಯಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದಕ್ಕೊಂದು ಉಪಾಯವಿದೆ. 36 ಮನೆಗಳನ್ನು ಆರಾರರಂತೆ ಆರು ಬೀದಿಗಳಾಗಿ ಹಂಚಿರಿ. ಪ್ರತಿ ಬೀದಿಯಿಂದಲೂ ನಡುವಿನ ಹನ್ನೊಂದು ಚೌಕಗಳಿಗೆ ಒಂದೊಂದು ದಾರಿ. ಅಲ್ಲಿಂದ ಆಚೆಯ ಬೀದಿಗಳಿಗೂ ಒಂದೊಂದು ದಾರಿ. ಹನ್ನೊಂದೇ ಏಕೆ? ನನ್ನ ಬೀದಿಯ ಉಳಿದ ಐವರೂ ಮಾತಿನಲ್ಲಿದ್ದರೆ ಐದು ಚೌಕಗಳು ನನಗೆ ಮುಚ್ಚಿದಂತೆ. ವೈದ್ಯರ ಬೀದಿಯ ಐವರೂ ಮಾತಿನಲ್ಲಿದ್ದರೆ, ಕೇಡು ಬಗೆದಂತೆ ಅವರು ಹಿಡಿದ ಚೌಕಗಳು ಬೇರೆ ಐದು. ಒಟ್ಟು ಹತ್ತು. ಹನ್ನೊಂದನೆಯದು ತೆರೆದಿರಲೇಬೇಕು! ಮೊದಲ ಹಂತಕ್ಕೆ 396 ಸಂಧಿ, ನಡುವಿನದಕ್ಕೆ 396, ಕೊನೆಯದಕ್ಕೆ 396, ಕೂಡಿದರೆ 1,188. ಉಳಿತಾಯ ಇಷ್ಟೇ ಏನು ಎಂದು ಓದುಗರು ಮೂಗು ಮುರಿಯಬೇಡಿ. ಹತ್ತು ಸಾವಿರ ಗೆರೆಗಳನ್ನು ನೂರು ನೂರರಂತೆ ಹಂಚಿ ಲೆಕ್ಕ ಹಾಕಿದರೆ ಹತ್ತು ಕೋಟಿಯ ಬದಲು 59,70,000 ಸಾಕು. ನಡುವಿನ ಪ್ರತಿಯೊಂದು ಸ್ವಿಚ್ಚನ್ನೂ ಮತ್ತೆ ಹೀಗೆಯೇ ಮೂರು ಹಂತವಾಗಿ ಒಡೆಯಬಹುದು. ಜಾಲ ಬೆಳೆದಂತೆಲ್ಲ ಲಾಭವೂ ಬೆಳೆಯುತ್ತದೆ.

ಆದರೆ ಆ ಹನ್ನೊಂದನೆಯ ಚೌಕ ಹೆಚ್ಚಿನ ಹೊತ್ತು ಖಾಲಿ ಬಿದ್ದಿರುತ್ತದೆ. ಡೆನ್ಮಾರ್ಕಿನ ಎರ್ಲಾಂಗ್ 1917ರಲ್ಲೇ ಸಂಭವದ ಗಣಿತದಿಂದ ಸೂತ್ರವೊಂದನ್ನು ಕೊಟ್ಟಿದ್ದ: ಇಷ್ಟು ದಾರಿಗಳಿದ್ದರೆ ಇಷ್ಟು ಕರೆಗಳು ಸೋಲುತ್ತವೆ ಎಂದು. ಸೋಲುವ ಕರೆಗಳ ಪ್ರಮಾಣ ಅಲ್ಪವಾದರೆ ಸಾಕೆಂದು ಟೆಲಿಫೋನು ಕಂಪನಿಗಳು ದಾರಿಗಳನ್ನು ಮಿತವಾಗಿಟ್ಟವು. ಲೆಕ್ಕ ತಪ್ಪಲ್ಲ, ಎಲ್ಲರೂ ಒಮ್ಮೆಲೇ ಮಾತಾಡುವುದಿಲ್ಲವಲ್ಲ! ಆದರೂ ಆ ಅಲ್ಪದಲ್ಲಿ ಸೇರಿದವನ ಪಾಡು ನನಗೆ ಗೊತ್ತು.

ಲೋಹದ ಕೊಂಡಿಗಳ ಕಾಲ ಮುಗಿದು, ಮಾತೂ ಚಿತ್ರವೂ ಅಂಕಿಗಳಾಗಿ ಹರಿಯತೊಡಗಿದ ಮೇಲೆ ಕ್ಲೋನ ಬೀದಿ-ಚೌಕಗಳು ಬೇರೊಂದು ಮನೆ ಸೇರಿದವು. ಸಾವಿರಾರು ಗಣಕಯಂತ್ರಗಳನ್ನು ಒಂದೇ ಸೂರಿನಡಿ ಹೂಡುವವರು ದೈತ್ಯ ಸ್ವಿಚ್ಚೊಂದನ್ನು ಕೊಳ್ಳುವ ಬದಲು, ಸಣ್ಣ ಸಣ್ಣ ಸ್ವಿಚ್ಚುಗಳನ್ನು ಅದೇ ಕ್ರಮದಲ್ಲಿ ಹೆಣೆದರು. 2015ರಲ್ಲಿ ಗೂಗಲ್ ಸಂಸ್ಥೆಯ ಎಂಜಿನಿಯರುಗಳು ತಮ್ಮ ಹತ್ತು ವರ್ಷಗಳ ಜಾಲಗಳ ವೃತ್ತಾಂತವನ್ನು ಪ್ರಕಟಿಸಿದಾಗ, ಅದರ ಶೀರ್ಷಿಕೆಯಲ್ಲೇ ಕ್ಲೋನ ಹೆಸರಿತ್ತು.